ಕಾರ್ಖಾನೆಯ ವಾದ್ಯ, ಕಣಿವೆಯ ಹಾಡು

ಬಹಳ ವರ್ಷಗಳ ಹಿಂದೆ, ಅಮೆರಿಕದಲ್ಲಿ ಓದು ಮುಗಿಸಿ ಬಂದ ಸ್ನೇಹಿತರೊಬ್ಬರು ನನಗೊಂದು ಗ್ರಾಮಫೋನ್ ತಟ್ಟೆಯನ್ನು ತಂದುಕೊಟ್ಟರು. ಪಾಶ್ಚಾತ್ಯ ಸಂಗೀತದೊಡನೆ ಆಗ ನನಗಿದ್ದ ಪರಿಚಯ ಅಷ್ಟಕ್ಕಷ್ಟೆ. ಸೂಜಿಯನ್ನಿಟ್ಟು ಕುಳಿತೆ. ಕೇಳಿಬಂದದ್ದು ಒಬ್ಬ ಹೆಂಗಸಿನ ದನಿ. ತುಸು ಗಡುಸಾದ, ನೇರವಾದ, ಕೇಳುವವರನ್ನು ಮೆಚ್ಚಿಸಬೇಕೆಂಬ ಹಂಬಲವೇ ಇಲ್ಲದ ದನಿ. ಹಾಡು ದುಃಖದ್ದೆಂದು ತಿಳಿಯುತ್ತಿತ್ತು. ಹಾಡುವವಳು ಮಾತ್ರ ಅಳುತ್ತಿರಲಿಲ್ಲ. ಹಿನ್ನೆಲೆಗೆ ಒಂದು ಗಿಟಾರು. ಗಿಟಾರಿನ ಸ್ವರಗಳ ನಡುವಣ ಬಿಡುವನ್ನು ತುಂಬುತ್ತ, ಹತ್ತಾರು ತಂತಿಗಳು ಒಮ್ಮೆಗೇ ಮಿಡಿಯುವ ಇನ್ನೊಂದು ನಾದ. ನಮ್ಮ ಸ್ವರಮಂಡಲ ಅಲ್ಲಿಗೆ ಹೇಗೆ ಹೋಯಿತೆಂದು ಬೆರಗಾದೆ. ತಟ್ಟೆಯ ಹೊದಿಕೆಯನ್ನು ಓದಿದ ಮೇಲೆ ಗೊತ್ತಾಯಿತು: ವಾದ್ಯದ ಹೆಸರು ಆಟೋಹಾರ್ಪ್, ಹಾಡಿದಾಕೆ ಸಾರಾ ಕಾರ್ಟರ್, ಊರು ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯ ಒಂದು ಗುಡ್ಡಗಾಡು.

ಆ ಹೊದಿಕೆಯ ಮೇಲೆ ಇನ್ನೂ ಎರಡು ಸಂಗತಿಗಳಿದ್ದವು. ಇವು ತಲೆಮಾರುಗಳಿಂದ ಆ ಸೀಮೆಯ ಕುಟುಂಬಗಳಲ್ಲಿ ಹಾಡಿಕೊಂಡು ಬಂದ ಹಾಡುಗಳು ಎಂಬ ಮಾತು ಒಂದು. ಹೆಚ್ಚಿನ ಹಾಡುಗಳ ಮುಂದೆ ಕಂಸದಲ್ಲಿ ಅಚ್ಚಾಗಿದ್ದ ‘ಎ. ಪಿ. ಕಾರ್ಟರ್’ ಎಂಬ ಹೆಸರು ಇನ್ನೊಂದು. ತಲೆಮಾರುಗಳಿಂದ ಬಂದ ಹಾಡಿಗೆ ಒಬ್ಬನೇ ಕರ್ತೃ ಹೇಗಾದಾನು? ಅಚ್ಚಿನ ತಪ್ಪಿರಬೇಕೆಂದು ಆಗ ಸುಮ್ಮನಾದೆ. ಅದು ತಪ್ಪಲ್ಲ, ಒಂದು ವ್ಯವಹಾರ ಎಂದು ತಿಳಿಯುವುದಕ್ಕೆ ನನಗೆ ಅನೇಕ ವರ್ಷಗಳೇ ಬೇಕಾದವು. ಇಂದು ನಾನು ಹೇಳಹೊರಟಿರುವುದು ಆ ವ್ಯವಹಾರದ ಕಥೆಯನ್ನು.

ಮೊದಲು ವಾದ್ಯದ ಮಾತು. ಆಟೋಹಾರ್ಪ್ ಎಂದರೆ ಮೂವತ್ತಾರೋ ಮೂವತ್ತೇಳೋ ಉಕ್ಕಿನ ತಂತಿಗಳನ್ನು ಬಿಗಿದ, ಒಂದು ಮೂಲೆ ಕತ್ತರಿಸಿದಂತಿರುವ ಮರದ ಪೆಟ್ಟಿಗೆ. ಇಷ್ಟಕ್ಕೆ ಅದು ಸ್ವರಮಂಡಲವೇ. ಆದರೆ ತಂತಿಗಳ ಮೇಲೆ ಅಡ್ಡಲಾಗಿ ಕೆಲವು ಪಟ್ಟಿಗಳಿರುತ್ತವೆ. ಪ್ರತಿ ಪಟ್ಟಿಯ ಕೆಳಗೂ ಉಣ್ಣೆಯ ಮೆತ್ತೆ. ಒಂದು ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಬೇಡದ ತಂತಿಗಳೆಲ್ಲ ಮೆತ್ತೆಯಡಿ ಸಿಕ್ಕಿ ಮೂಕವಾಗುತ್ತವೆ. ಬೇಕಾದ ಸ್ವರಗಳ ತಂತಿಗಳಷ್ಟೇ ಮಿಡಿಯಲು ಉಳಿಯುತ್ತವೆ. ಪಾಶ್ಚಾತ್ಯರು ಕಾರ್ಡ್ ಎನ್ನುವ ಸ್ವರಗುಚ್ಛ ಹೀಗೆ ಯಾವ ಅಭ್ಯಾಸವೂ ಇಲ್ಲದವನ ಕೈಯಲ್ಲೂ ತಪ್ಪಿಲ್ಲದೆ ಹೊರಡುತ್ತದೆ. ಹೆಸರಿನಲ್ಲಿರುವ ‘ಆಟೋ’ ಎಂಬುದಕ್ಕೆ ಇದೇ ಅರ್ಥ. ನುಡಿಸುವುದರಿಂದ ಅಲ್ಲ, ನಿಲ್ಲಿಸುವುದರಿಂದ ಸಂಗೀತ ಹುಟ್ಟಿಸುವ ಈ ಯುಕ್ತಿ ನನಗೆ ಈಗಲೂ ಸೋಜಿಗ.

ಇಂಥ ವಾದ್ಯವನ್ನು ಗುಡ್ಡಗಾಡಿನ ಹಾಡಿನೊಡನೆ ಕೇಳಿದಾಗ ಅದೂ ಆ ಗುಡ್ಡದಷ್ಟೇ ಹಳೆಯದೆಂಬ ಭ್ರಮೆ ಹುಟ್ಟುತ್ತದೆ. ನಿಜಸಂಗತಿ ಬೇರೆ. ಫಿಲಡೆಲ್ಫಿಯಾ ನಗರದಲ್ಲಿ ನೆಲೆಸಿದ್ದ ಜರ್ಮನ್ ವಲಸೆಗಾರ ಚಾರ್ಲ್ಸ್ ಝಿಮರ್‌ಮನ್ ಎಂಬಾತ 1882ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸರಿಸುಮಾರು ಅದೇ ಕಾಲದಲ್ಲಿ ಜರ್ಮನಿಯ ವಾದ್ಯತಯಾರಕರ ಊರಾದ ಮಾರ್ಕ್‌ನಾಯ್‌ಕಿರ್ಷನ್‌ನಲ್ಲಿ ಗ್ಯುಟರ್ ಎಂಬಾತ ಇಂಥದೇ ವಾದ್ಯವನ್ನು ಮಾಡಿದ್ದ. ಇಂದು ನಾವು ಕಾಣುವ ಆಟೋಹಾರ್ಪಿನ ಆಕಾರ ಗ್ಯುಟರನ ವಾದ್ಯಕ್ಕೇ ಹೆಚ್ಚು ಹತ್ತಿರ. ಝಿಮರ್‌ಮನ್‌ನ ಮನಸ್ಸು ವಾದ್ಯಕ್ಕಿಂತ ಹೆಚ್ಚಾಗಿ, ಸ್ವರಗಳನ್ನು ಅಂಕಿಗಳಿಂದ ಬರೆಯುವ ತನ್ನದೊಂದು ಲಿಪಿಯಲ್ಲಿ ನೆಟ್ಟಿತ್ತು. ಆ ಲಿಪಿಯನ್ನು ಜನ ಮರೆತರು, ವಾದ್ಯ ಉಳಿಯಿತು. 1890ರ ದಶಕದಲ್ಲಿ ಡಾಲ್ಜ್ ಎಂಬ ಉದ್ಯಮಿ ಇದನ್ನು ಕೊಂಡು ನ್ಯೂಯಾರ್ಕ್ ರಾಜ್ಯದ ತನ್ನ ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಿಸಿದ. ಪಟ್ಟಣದ ಬೈಠಕ್‌ಖಾನೆಗಳಲ್ಲಿ ಕುಲೀನ ಕನ್ಯೆಯರು ಇದನ್ನು ನುಡಿಸಲಿ ಎಂದು ಅವರೆಲ್ಲರ ಆಸೆ. ಪಟ್ಟಣದ ಷೋಕಿ ಬಹುಬೇಗ ಮುಗಿಯಿತು. ಆ ಹೊತ್ತಿಗೆ ಸೀಯರ್ಸ್‌ನಂಥ ಅಂಗಡಿಗಳ ಅಂಚೆ ಕ್ಯಾಟಲಾಗುಗಳು ಅದನ್ನು ಗುಡ್ಡಗಳ ಆಚೆಗೆ ಮುಟ್ಟಿಸಿಯಾಗಿತ್ತು. ಪಿಯಾನೋ ಏರಿ ಬರಲಾಗದ ದಾರಿಯಲ್ಲಿ ಆಟೋಹಾರ್ಪ್ ಕಂಕುಳಲ್ಲಿ ಕುಳಿತು ಹೋಯಿತು.

ಇದನ್ನು ನಾವು ಹೀಗಳೆಯುವಂತಿಲ್ಲ. ಹಾರ್ಮೋನಿಯಂ ನಮ್ಮಲ್ಲಿಗೆ ಬಂದದ್ದೂ ಹೀಗೆಯೇ ಅಲ್ಲವೆ? ಅದು ಭಜನೆಯಲ್ಲಿ, ನಾಟಕದಲ್ಲಿ, ಕೀರ್ತನೆಯಲ್ಲಿ ಬೇರುಬಿಟ್ಟ ಮೇಲೂ 1940ರಲ್ಲಿ ರೇಡಿಯೋ ಅದನ್ನು ಬಹಿಷ್ಕರಿಸಿತು. ಮತ್ತೆ ಬಾಗಿಲು ಅರೆ ತೆರೆದದ್ದು 1971ರಲ್ಲಿ. ಶಾಸ್ತ್ರಜ್ಞರು ವಾದ್ಯದ ಹುಟ್ಟನ್ನು ನೋಡುತ್ತಾರೆ, ಹಾಡುವವರು ಅದರ ಉಪಯೋಗವನ್ನು ನೋಡುತ್ತಾರೆ.

ಈಗ ಆ ಗುಡ್ಡಗಾಡಿಗೆ ಹೋಗೋಣ. ಅಪಲೇಷಿಯನ್ ಪರ್ವತಶ್ರೇಣಿಯಲ್ಲಿ ಕ್ಲಿಂಚ್ ಮೌಂಟನ್ ಎಂಬ ಉದ್ದನೆಯ ಬೆಟ್ಟ. ಅದರ ಒಂದು ಮಗ್ಗುಲಿನ ಕಣಿವೆಗೆ ಪೂರ್ ವ್ಯಾಲಿ ಎಂದು ಹೆಸರು, ಬಡ ಕಣಿವೆ. ನೆಲದ ಗುಣವನ್ನು ನೋಡಿಯೇ ಇಟ್ಟ ಹೆಸರು. ಅಲ್ಲಿಯ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯಲ್ಲಿ 1891ರ ಡಿಸೆಂಬರಿನಲ್ಲಿ ಆಲ್ವಿನ್ ಪ್ಲೆಸೆಂಟ್ ಕಾರ್ಟರ್ ಹುಟ್ಟಿದ. ಎ. ಪಿ. ಎಂದೇ ಎಲ್ಲರೂ ಕರೆದದ್ದು. ಎತ್ತರದ ಆಳು, ಕೈಯಲ್ಲೂ ದನಿಯಲ್ಲೂ ಒಂದು ಬಗೆಯ ನಡುಕ. ತಾನು ಬಸುರಿಯಾಗಿದ್ದಾಗ ಸಿಡಿಲು ಹತ್ತಿರದಲ್ಲೇ ಎರಗಿದ್ದರಿಂದ ಮಗನಿಗೆ ಹೀಗಾಯಿತೆಂದು ತಾಯಿಯ ನಂಬಿಕೆ. ನಿಂತಲ್ಲಿ ನಿಲ್ಲದ, ನಡೆದಷ್ಟೂ ದಣಿಯದ ಮನುಷ್ಯ. ಹಣ್ಣಿನ ಗಿಡಗಳ ಸಸಿಗಳನ್ನು ಮಾರುತ್ತ ಊರೂರು ತಿರುಗುವುದು ಅವನಿಗೆ ಒಪ್ಪುವ ಕಸುಬಾಗಿತ್ತು. ಹಾಗೆ ತಿರುಗುತ್ತ ಬೆಟ್ಟದ ಆಚೆ ಬದಿಯ ಕಾಪರ್ ಕ್ರೀಕ್‌ಗೆ ಹೋದಾಗ, ಒಂದು ಮನೆಯಂಗಳದಲ್ಲಿ ಆಟೋಹಾರ್ಪ್ ನುಡಿಸಿಕೊಂಡು ಹಾಡುತ್ತಿದ್ದ ಹುಡುಗಿಯ ದನಿ ಕಿವಿಗೆ ಬಿತ್ತೆಂದು ಕುಟುಂಬದಲ್ಲಿ ಹೇಳಿಕೊಂಡು ಬಂದ ಕಥೆ. ಆ ಹುಡುಗಿ ಸಾರಾ ಡೌಘರ್ಟಿ, 1898ರಲ್ಲಿ ಹುಟ್ಟಿದವಳು. ಎಳವೆಯಲ್ಲಿ ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವಳು. 1915ರ ಜೂನ್ 18ರಂದು ಇಬ್ಬರಿಗೂ ಮದುವೆಯಾಯಿತು. ಹನ್ನೊಂದು ವರ್ಷಗಳ ತರುವಾಯ ಎ. ಪಿ.ಯ ತಮ್ಮ ಎಜ್ರಾ, ಸಾರಾಳ ಸೋದರಸಂಬಂಧಿಯಾದ ಮೇಬೆಲ್ ಆಡಿಂಗ್ಟನ್ ಎಂಬ ಹುಡುಗಿಯನ್ನು ಮದುವೆಯಾದ. ಮೇಬೆಲ್‌ಗೆ ಆಗ ಹದಿನಾರು ವರ್ಷ. ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗವನ್ನೂ, ಉಳಿದ ತಂತಿಗಳ ಮೇಲೆ ಬೆರಳಿನಿಂದ ತಾಳವನ್ನೂ ಒಟ್ಟಿಗೆ ಹಿಡಿಯಬಲ್ಲವಳು. ಸಾರಾ ಮೊದಲ ದನಿ, ಮೇಬೆಲ್ ಜೊತೆದನಿ, ಎ. ಪಿ. ಮನಸ್ಸು ಬಂದಾಗ ಮಂದ್ರದಲ್ಲಿ ಸೇರಿಕೊಳ್ಳುತ್ತಿದ್ದ, ಬಾರದಿದ್ದಾಗ ಕಿಟಕಿಯಾಚೆ ನೋಡುತ್ತ ನಿಂತುಬಿಡುತ್ತಿದ್ದ.

1927ರ ಬೇಸಗೆಯಲ್ಲಿ ವಿಕ್ಟರ್ ಗ್ರಾಮಫೋನ್ ಕಂಪನಿಗಾಗಿ ರಾಲ್ಫ್ ಪೀರ್ ಎಂಬಾತ ಬ್ರಿಸ್ಟಲ್ ಪಟ್ಟಣಕ್ಕೆ ಬಂದ. ಟೆನೆಸಿ–ವರ್ಜೀನಿಯಾ ರಾಜ್ಯಗಳ ಗಡಿರೇಖೆ ಆ ಪಟ್ಟಣದ ದೊಡ್ಡ ಬೀದಿಯ ನಡುವೆಯೇ ಹಾದುಹೋಗುತ್ತದೆ. ಹಿಂದೆ ಟೋಪಿಯ ಕಂಪನಿಯೊಂದಕ್ಕೆ ಸೇರಿದ್ದ ಕಟ್ಟಡದ ಮಹಡಿಯಲ್ಲಿ ಪೀರ್ ಯಂತ್ರಗಳನ್ನು ಹೂಡಿ, ಜುಲೈ 25ರಿಂದ ಆಗಸ್ಟ್ 5ರವರೆಗೆ ಗುಡ್ಡಗಾಡಿನ ಹಾಡುಗಾರರನ್ನು ಕರೆದು ಮುದ್ರಿಸಿಕೊಂಡ. ಕಾರ್ಟರರು ಅಲ್ಲಿಗೆ ಹೋದದ್ದು ಎಜ್ರಾನ ಕಾರನ್ನು ಕೇಳಿ ಪಡೆದು. ಸುಮಾರು ಇಪ್ಪತ್ತೈದು ಮೈಲಿಯ ಕೆಟ್ಟ ದಾರಿ. ಮೇಬೆಲ್ ತುಂಬು ಬಸುರಿ. ಸಾರಾಳ ಮಡಿಲಲ್ಲಿ ಹಾಲುಕುಡಿಯುವ ಮಗು. ಆಗಸ್ಟ್ 1ರಂದು ನಾಲ್ಕು, ಮರುದಿನ ಎರಡು, ಹೀಗೆ ಆರು ಹಾಡುಗಳು ಮುದ್ರಿತವಾದವು. ಸಾರಾಳ ದನಿ ಕೇಳಿದೊಡನೆಯೇ ತನಗೆ ಮನವರಿಕೆಯಾಯಿತೆಂದು ಪೀರ್ ಮುಂದೆ ಹೇಳಿಕೊಂಡ. ಎರಡನೆಯ ದಿನದ ಹಾಡುಗಳಲ್ಲೊಂದು ಮದುವೆಯಾಗದ ಹುಡುಗಿಯ ಸ್ವಚ್ಛಂದವನ್ನೂ ಮದುವೆಯಾದವಳ ತೊಟ್ಟಿಲ ಕೆಲಸವನ್ನೂ ಎದುರುಬದುರು ಇಟ್ಟು ಹೇಳುವ ಹಾಡು. ಸಾರಾಗೆ ಅದು ಹಿಡಿಸುತ್ತಿರಲಿಲ್ಲ. ಪೀರ್‌ನ ಒತ್ತಾಯಕ್ಕೆ ಹಾಡಿದಳು. ತಟ್ಟೆ ಚೆನ್ನಾಗಿ ಮಾರಾಟವಾಯಿತು. ಬೀಸುವ ಕಲ್ಲಿನ ಮುಂದೆ ನಮ್ಮ ಹೆಂಗಸರು ಹಾಡಿಕೊಂಡದ್ದನ್ನು ಕೇಳಿದವರಿಗೆ ಆ ತಟ್ಟೆ ಏಕೆ ಮಾರಾಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆಟೋಹಾರ್ಪನ್ನು ಗ್ರಾಮಫೋನಿಗೆ ತಂದವರಲ್ಲಿ ಕಾರ್ಟರರು ಮೊದಲಿಗರಲ್ಲ. ಅದೇ ವರ್ಜೀನಿಯಾದ ಬಡಗಿ ಅರ್ನೆಸ್ಟ್ ಸ್ಟೋನ್‌ಮನ್ 1924ರಲ್ಲಿಯೇ ನ್ಯೂಯಾರ್ಕಿಗೆ ಹೋಗಿ ಆಟೋಹಾರ್ಪ್ ನುಡಿಸುತ್ತ ಟೈಟಾನಿಕ್ ಹಡಗು ಮುಳುಗಿದ ಹಾಡನ್ನು ಮುದ್ರಿಸಿ ಬಂದಿದ್ದ. ಬ್ರಿಸ್ಟಲ್‌ಗೂ ಅವನು ಬಂದಿದ್ದ. ಅವನ ಸಂಪಾದನೆಯ ಸುದ್ದಿ ಊರಿನ ಪತ್ರಿಕೆಯಲ್ಲಿ ಬಂದ ಮೇಲೆಯೇ ಗುಡ್ಡದ ಜನ ಗುಂಪುಗೂಡಿ ಇಳಿದು ಬಂದದ್ದು.

ಇಲ್ಲಿ ಪೀರ್‌ನ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಟ್ಟೆಯ ಮೇಲಿನ ಕಂಸದ ಹೆಸರಿನ ಗುಟ್ಟು ಅಲ್ಲಿದೆ. ಆತ ಕಂಪನಿಯಿಂದ ಸಂಬಳ ಕೇಳಲಿಲ್ಲ. ಮುದ್ರಿಸಿದ ಹಾಡುಗಳ ಹಕ್ಕುಸ್ವಾಮ್ಯ ತನಗಿರಲಿ ಎಂದ. ಹಾಡುಗಾರನಿಗೆ ಒಂದು ಹಾಡಿಗೆ ಐವತ್ತು ಡಾಲರು ಕೈಗೆ. ತಟ್ಟೆ ಮಾರಾಟವಾದಂತೆ ಬರುವ ರಾಯಲ್ಟಿಯಲ್ಲಿ ಒಂದು ಪಾಲು ಅವನಿಗೆ, ಉಳಿದದ್ದು ಪೀರ್‌ನ ಪ್ರಕಾಶನಕ್ಕೆ. ಈ ಏರ್ಪಾಡು ಫಲಿಸಬೇಕಾದರೆ ಹಾಡು ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿರಬಾರದು. ಪಟ್ಟಣದ ಜನಪ್ರಿಯ ಗೀತೆಗಳು ಅವನಿಗೆ ಬೇಡ, ಯಾರ ಹೆಸರೂ ಇಲ್ಲದ ಹಾಡು ಬೇಕು. ಹಳೆಯ ಹಾಡನ್ನು ಅಲ್ಲಷ್ಟು ಇಲ್ಲಷ್ಟು ತಿದ್ದಿ, ಎರಡು ನುಡಿ ಸೇರಿಸಿ ತಂದರೆ ಅದು ಕಾನೂನಿನ ಕಣ್ಣಿಗೆ ಹೊಸ ಹಾಡು. ಜನಪದರ ಮರೆವು ಹೀಗೆ ಹಣವಾಯಿತು.

ಕಾರ್ಟರರು 1927ರಿಂದ 1941ರವರೆಗೆ ಮುದ್ರಿಸಿದ್ದು ಸುಮಾರು 300 ಹಾಡುಗಳು. ಯಾವ ಕುಟುಂಬದ ನೆನಪಿನ ಗಂಟಿನಲ್ಲೂ ಅಷ್ಟು ಹಾಡುಗಳಿರುವುದಿಲ್ಲ. ಮನೆಯ ಹಾಡು ಮುಗಿದೊಡನೆ ಎ. ಪಿ. ಹಾಡುಬೇಟೆಗೆ ಹೊರಟ. ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಗಣಿಯ ಊರುಗಳು, ಇಗರ್ಜಿಗಳು, ಗೊತ್ತಿಲ್ಲದ ಮನೆಗಳ ಜಗಲಿಗಳು. ಅಂಗಳದಲ್ಲಿ ಕುಳಿತು ಕೇಳಿದ್ದನ್ನು ಚೀಟಿಗಳಲ್ಲಿ ಬರೆದುಕೊಂಡು ಬರುತ್ತಿದ್ದ. ಇತ್ತ ಹೊಲ, ಸೌದೆ, ಮಕ್ಕಳು ಎಲ್ಲವೂ ಸಾರಾಳ ಪಾಲಿಗೆ. ಹಾಡು ಸಂಗ್ರಹಿಸಿದವನ ತ್ಯಾಗವನ್ನು ಬಣ್ಣಿಸುವ ಪುಸ್ತಕಗಳು ಸೌದೆ ಒಡೆದವಳ ವಿಷಯವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ.

ಹಾಗೆ ಬಂದ ಹಾಡುಗಳ ಜಾತಕವನ್ನು ವಿದ್ವಾಂಸರು ಆಮೇಲೆ ಬರೆದಿದ್ದಾರೆ. ಉದಾಹರಣೆಗೆ 1928ರಲ್ಲಿ ಮುದ್ರಿಸಿದ ‘ವೈಲ್ಡ್‌ವುಡ್ ಫ್ಲವರ್’. ಗಿಟಾರು ಕಲಿಯುವ ಅಮೆರಿಕದ ಹುಡುಗರು ಇದನ್ನು ನುಡಿಸದೆ ಮುಂದೆ ಹೋಗುವುದಿಲ್ಲ ಎಂಬಷ್ಟು ಪ್ರಸಿದ್ಧ. ತನ್ನ ತಾಯಿ ಹಾಡುತ್ತಿದ್ದಳು, ಅವಳ ತಾಯಿಯೂ ಹಾಡುತ್ತಿದ್ದಳು ಎಂದು ಮೇಬೆಲ್ ಹೇಳುತ್ತಿದ್ದಳು. ಸುಳ್ಳಲ್ಲ. ಆದರೆ ಆ ಹಾಡು 1860ರಲ್ಲಿ ಅಚ್ಚಾದ ಪಟ್ಟಣದ ಗೀತೆ, ಸಂಗೀತ ಜೆ. ಪಿ. ವೆಬ್‌ಸ್ಟರ್ ಎಂಬ ವೃತ್ತಿನಿರತ ಸಂಯೋಜಕನದು. ಜಡೆಯಲ್ಲಿ ಮುಡಿದ ಹೂವುಗಳ ಹೆಸರು ಹೇಳುತ್ತ ಹೋಗುವ ಹಾಡು ಅದು. ಪುಸ್ತಕದಿಂದ ಬಾಯಿಗೆ, ಬಾಯಿಂದ ಬಾಯಿಗೆ ದಾಟುವಾಗ ಆ ಹೂವುಗಳಲ್ಲಿ ಒಂದೆರಡರ ಹೆಸರು ಸವೆದು ಸವೆದು, ಯಾವ ನಿಘಂಟಿನಲ್ಲೂ ಯಾವ ತೋಟದಲ್ಲೂ ಸಿಗದ ಶಬ್ದಗಳಾಗಿವೆ. ಸಾರಾ ಅವನ್ನು ಹಾಗೆಯೇ, ಅರ್ಥವಿಲ್ಲದೆಯೇ, ನಿಸ್ಸಂಶಯವಾಗಿ ಹಾಡುತ್ತಾಳೆ. ನನಗಂತೂ ಇಲ್ಲಿ ದೋಷ ಕಾಣುವುದಿಲ್ಲ. ಅಚ್ಚಿನ ಹಾಡು ಮನೆಯ ಹಾಡಾದದ್ದಕ್ಕೆ ಆ ಸವೆದ ಹೆಸರುಗಳೇ ಸಾಕ್ಷಿ.

ಇನ್ನೊಂದು, 1935ರಲ್ಲಿ ಮುದ್ರಿಸಿದ, ತಾಯಿಯ ಶವವನ್ನು ಹೊತ್ತೊಯ್ಯುವ ಬಂಡಿಯನ್ನು ಕಿಟಕಿಯಿಂದ ಕಾಣುವ ಹಾಡು. ಅದರ ಮೂಲ 1907ರ ಒಂದು ಕ್ರೈಸ್ತ ಪ್ರಾರ್ಥನಾಗೀತೆ. ಮೂಲದಲ್ಲಿ ಬಂಡಿಯೂ ಇಲ್ಲ, ಕಿಟಕಿಯೂ ಇಲ್ಲ. ಪರಲೋಕದಲ್ಲಿ ಕುಟುಂಬದ ಬಳಗ ಮುರಿಯದೆ ಸೇರೀತೆ ಎಂಬ ಪ್ರಶ್ನೆ ಮಾತ್ರ. ಪಲ್ಲವಿಯನ್ನು ಉಳಿಸಿಕೊಂಡು ನುಡಿಗಳಲ್ಲಿ ಒಂದು ಸಾವನ್ನು ತಂದು ಕೂರಿಸಿದ್ದು ಕಾರ್ಟರರ ಹಾಡಿನ ಹಿರಿಮೆ. ಹೀಗೆ ನೋಡಿದರೆ ಎ. ಪಿ.ಯ ಹೆಸರು ಪೂರ್ತಿ ಸುಳ್ಳೂ ಅಲ್ಲ. ಆತ ಕತ್ತರಿಸಿ, ಹೊಲಿದು, ಮೂರು ನಿಮಿಷದ ತಟ್ಟೆಗೆ ಹೊಂದಿಸಬಲ್ಲ ಕುಶಲಿ. ಉದ್ದನೆಯ ಕಥನಗೀತೆಗಳನ್ನು ಮೊಟಕುಗೊಳಿಸಿ, ವಾದ್ಯಗಳ ಕೆಲವೇ ಸ್ವರಗುಚ್ಛಗಳಿಗೆ ಅಳವಡಿಸಿದ. ಆ ಕ್ರಮದಲ್ಲಿ ಹಳೆಯ ಧಾಟಿಗಳ ಕೆಲವು ವಿಲಕ್ಷಣ ತಿರುವುಗಳು ನೇರವಾಗಿರಲೂ ಸಾಕು. ಪಟ್ಟಿ ಒತ್ತಿದರೆ ಬರುವ ಸ್ವರಗಳು ಗೊತ್ತಾದವು. ಒಂಟಿ ಕಂಠ ಅಲೆದಾಡಿದಂತೆ ಅವು ಅಲೆದಾಡವು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನಮ್ಮ ಮನೆಯ ಒಂದು ಸಂಗತಿ ನೆನಪಿಗೆ ಬಂತು. ನಮ್ಮ ಅಜ್ಜಿ ಒಂದು ಲಾಲಿಪದ ಹಾಡುತ್ತಿದ್ದಳು. ಅದು ನಮ್ಮ ವಂಶದ್ದು, ಬೇರೆಲ್ಲೂ ಕೇಳಸಿಗದು ಎಂದು ನಾವು ಮೊಮ್ಮಕ್ಕಳು ಹೆಮ್ಮೆಪಡುತ್ತಿದ್ದೆವು. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಬರೆದುಕೊಂಡೆ. ಮುಂದೊಮ್ಮೆ ಹಳೆಯ ನಾಟಕ ಕಂಪನಿಯೊಂದರ ಪದಗಳ ಪುಸ್ತಕ ಕೈಗೆ ಸಿಕ್ಕಿತು; ಅಜ್ಜಿಯ ಲಾಲಿಯ ಅರ್ಧದಷ್ಟು ಅದರಲ್ಲಿತ್ತು. ಮುಖಭಂಗವಾದಂತಾಯಿತು. ಅಜ್ಜಿಯನ್ನು ಕೇಳಿದರೆ ಅವಳಿಗೆ ಸ್ವಲ್ಪವೂ ಸಂಕೋಚವಿಲ್ಲ. ‘ನಾಟಕ ನಾನೆಲ್ಲಿ ನೋಡಿದೆನಪ್ಪ? ನಮ್ಮ ಗದ್ದೆಗೆ ಕಳೆ ತೆಗೆಯಲು ಬರುತ್ತಿದ್ದಳಲ್ಲ, ಅವಳು ಹೇಳಿಕೊಟ್ಟಳು’ ಎಂದಳು. ಆಕೆಯ ಹೆಸರೇನೆಂದು ಕೇಳಿದೆ. ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಹಾಡಿನ ಒಂದಕ್ಷರವನ್ನೂ ಮರೆಯದಿದ್ದವಳಿಗೆ ಆ ಹೆಸರು ನೆನಪಾಗಲಿಲ್ಲ. ಹಿತ್ತಿಲ ಬಾಗಿಲಿನಿಂದಾಚೆ ನಿಂತು ಹಾಡು ಕೊಟ್ಟವಳ ಹೆಸರನ್ನು ಆಗ ಯಾರೂ ಕೇಳಿರಲಿಲ್ಲವೇನೋ.

ಕಾರ್ಟರರ ಕಥೆಯಲ್ಲಿ ಆ ಹೆಸರು ಉಳಿದಿದೆ. ಆದರೆ ಅದು ಹೊರಬರಲು ಹಿಡಿದ ಕಾಲ ದೀರ್ಘ. ಲೆಸ್ಲಿ ರಿಡಲ್ ಎಂಬ ಕರಿಯ ತರುಣ 1905ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಹುಟ್ಟಿ, ಟೆನೆಸಿಯ ಕಿಂಗ್ಸ್‌ಪೋರ್ಟ್‌ನಲ್ಲಿ ಬೆಳೆದವನು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಬಲಗಾಲನ್ನು ಕಳೆದುಕೊಂಡ. ಬಲಗೈಯ ಎರಡು ಬೆರಳುಗಳನ್ನೂ ಬಂದೂಕಿನ ಅನಾಹುತವೊಂದು ತಿಂದುಹಾಕಿತ್ತು. ಉಳಿದ ಬೆರಳುಗಳಿಂದಲೇ ಅವನು ಗಿಟಾರಿನಲ್ಲಿ ತನ್ನದೇ ಒಂದು ನುಡಿಸಾಣಿಕೆಯನ್ನು ಕಂಡುಕೊಂಡ. 1928ರಲ್ಲಿ ಹಾಡು ಹುಡುಕುತ್ತ ಬಂದ ಎ. ಪಿ. ಅವನ ಹಾಡು ಕೇಳಿ, ಅವನನ್ನು ಮೇಸಸ್ ಸ್ಪ್ರಿಂಗ್‌ಗೆ ಕರೆದುಕೊಂಡು ಬಂದ. ಅಲ್ಲಿಂದ ಮುಂದೆ ಹಾಡುಬೇಟೆಗೆ ಇಬ್ಬರೂ ಜೊತೆಯಾಗಿ ಹೊರಟರು. ಎ. ಪಿ.ಗೆ ಸಾಹಿತ್ಯವನ್ನು ಬರೆದುಕೊಳ್ಳುವುದು ಬರುತ್ತಿತ್ತು, ರಾಗ ನಿಲ್ಲುತ್ತಿರಲಿಲ್ಲ. ರಾಗವನ್ನು ನೆನಪಿನಲ್ಲಿ ಹೊತ್ತು ತಂದು, ಮನೆಯಲ್ಲಿ ಸಾರಾ–ಮೇಬೆಲ್ಲರ ಮುಂದೆ ನುಡಿಸಿ ತೋರಿಸುವುದು ರಿಡಲ್‌ನ ಕೆಲಸ. ಧ್ವನಿಮುದ್ರಣದ ಯಂತ್ರ ಹಳ್ಳಿಗೆ ಬಾರದ ಕಾಲದಲ್ಲಿ ಅವನೇ ಆ ಯಂತ್ರವಾದ. ಕರಿಯರ ಇಗರ್ಜಿಗಳಲ್ಲಿ, ಕರಿಯರ ಮನೆಗಳಲ್ಲಿ ಎ. ಪಿ.ಗೆ ಬಾಗಿಲು ತೆರೆಸಿದವನೂ ಅವನೇ. ‘ಕ್ಯಾನನ್‌ಬಾಲ್ ಬ್ಲೂಸ್’ ಮೊದಲಾದ ಹಾಡುಗಳು ಅವನಿಂದಲೇ ಕಾರ್ಟರರಿಗೆ ಬಂದವು. ಅವನ ಬೆರಳುಗಾರಿಕೆಯಿಂದ ಮೇಬೆಲ್ ಕಲಿತದ್ದೂ ಉಂಟು.

ವರ್ಣಭೇದ ಕಾನೂನಾಗಿದ್ದ ಆ ದಕ್ಷಿಣದಲ್ಲಿ ಒಬ್ಬ ಕರಿಯನೂ ಒಬ್ಬ ಬಿಳಿಯನೂ ಹೀಗೆ ಒಂದೇ ದಾರಿಯಲ್ಲಿ ತಿರುಗಿದ್ದು, ಕಾರ್ಟರರ ಮನೆಯಲ್ಲಿ ರಿಡಲ್ ದಿನಗಟ್ಟಲೆ ಉಳಿದದ್ದು ಸಣ್ಣ ಮಾತಲ್ಲ. ಎ. ಪಿ.ಯನ್ನು ದೂರುವ ಮೊದಲು ಇದನ್ನೂ ತೂಗಬೇಕು. ಆದರೆ ತಟ್ಟೆಯ ಮೇಲೆ ರಿಡಲ್‌ನ ದನಿಯಿಲ್ಲ, ಹೆಸರಿಲ್ಲ, ರಾಯಲ್ಟಿಯೂ ಇಲ್ಲ. ಗ್ರಾಮಫೋನ್ ಕಂಪನಿಗಳು ತಮ್ಮ ಪಟ್ಟಿಯನ್ನೇ ಎರಡಾಗಿ ಸೀಳಿದ್ದವು: ಕರಿಯರ ತಟ್ಟೆಗಳು ಒಂದೆಡೆ, ಗುಡ್ಡಗಾಡಿನ ಬಿಳಿಯರ ತಟ್ಟೆಗಳು ಇನ್ನೊಂದೆಡೆ. ಹಾಗೆ ಸೀಳಿದವರ ಮುಂಚೂಣಿಯಲ್ಲಿದ್ದವನು ಈ ರಾಲ್ಫ್ ಪೀರ್. ಗುಡ್ಡದ ಮನೆಗಳಲ್ಲಿ ಕಲಬೆರಕೆಯಾಗಿ ಬೆಳೆದ ಹಾಡು ಅಂಗಡಿಗೆ ಬಂದಾಗ ಜಾತಿ ಹಿಡಿಯಿತು.

ವಿದ್ವಾಂಸರೂ ಇದರಿಂದ ಹೊರತಲ್ಲ. ಇಂಗ್ಲೆಂಡಿನ ಜನಪದ ಗೀತೆಗಳ ದೊಡ್ಡ ಸಂಗ್ರಾಹಕ ಸೆಸಿಲ್ ಶಾರ್ಪ್, ಮಾಡ್ ಕಾರ್ಪೆಲೆಸ್ ಎಂಬ ಸಹಾಯಕಿಯೊಡನೆ 1916ರಿಂದ 1918ರ ನಡುವೆ 46 ವಾರ ಇದೇ ಪರ್ವತಗಳಲ್ಲಿ ಅಲೆದು, 281 ಹಾಡುಗಾರರಿಂದ 1,612 ಧಾಟಿಗಳನ್ನು ಬರೆದುಕೊಂಡ. ಅಸ್ತಮಾ ರೋಗಿಯಾದ ಆತನ ಶ್ರಮ ಅಸಾಧಾರಣ. ಅದಿಲ್ಲದೆ ನಾವು ಬಡವರಾಗುತ್ತಿದ್ದೆವು. ಆದರೆ ಆತ ಹುಡುಕಿದ್ದು ಇಂಗ್ಲೆಂಡಿನಲ್ಲಿ ಕಳೆದುಹೋದ ಇಂಗ್ಲೆಂಡನ್ನು. ಪ್ರಾರ್ಥನಾಗೀತೆ, ಪಟ್ಟಣದ ಗೀತೆ, ಕರಿಯರ ಹಾಡು ಇವೆಲ್ಲ ಬಹುಮಟ್ಟಿಗೆ ಅವನ ಜರಡಿಯಲ್ಲಿ ಉಳಿಯಲಿಲ್ಲ. ವ್ಯಾಪಾರಕ್ಕೆಂದು ಹೊರಟ ಎ. ಪಿ.ಯ ಚೀಲದಲ್ಲಿ ಅವೆಲ್ಲವೂ ಬಿದ್ದವು. ಶುದ್ಧವಾದದ್ದನ್ನು ಹುಡುಕಿದವನಿಗಿಂತ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡವನ ಸಂಗ್ರಹವೇ ಆ ಜನ ನಿಜವಾಗಿ ಏನು ಹಾಡುತ್ತಿದ್ದರೆಂಬುದಕ್ಕೆ ಹತ್ತಿರವಾಗಿದೆ ಎಂದು ನನ್ನ ಎಣಿಕೆ.

ಕುಟುಂಬದ ಹಾಡುಗಳು ಬೆಳೆಯುತ್ತಿದ್ದಾಗಲೇ ಕುಟುಂಬ ಒಡೆಯಿತು. ಎ. ಪಿ. ಊರಿನಲ್ಲಿಲ್ಲದಾಗ ಸಾರಾಳ ನೆರವಿಗೆ ಬರುತ್ತಿದ್ದವನು ಅವನದೇ ಸೋದರಸಂಬಂಧಿ ಕಾಯ್ ಬೇಸ್. ಇಬ್ಬರಲ್ಲಿ ಪ್ರೀತಿ ಮೊಳೆಯಿತು. ಕಾಯ್‌ನ ಮನೆಯವರು ಅವನನ್ನು ಕರೆದುಕೊಂಡು ದೂರದ ಕ್ಯಾಲಿಫೋರ್ನಿಯಾಗೆ ಹೊರಟುಹೋದರು. 1933ರಲ್ಲಿ ಸಾರಾ ಗಂಡನ ಮನೆ ಬಿಟ್ಟಳು. ಮುಂದೆ ವಿಚ್ಛೇದನವೂ ಆಯಿತು. ಹಾಡುವುದು ಮಾತ್ರ ನಿಲ್ಲಲಿಲ್ಲ. ಒಡೆದ ಮನೆಯ ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಮನೆ, ತಾಯಿ, ಮುರಿಯದ ಬಳಗ ಎಂದು ಹಾಡುತ್ತಿದ್ದರು.

1938ರಲ್ಲಿ ಅವರಿಗೆ ಮೆಕ್ಸಿಕೋ ಗಡಿಯ ರೇಡಿಯೋ ಕೇಂದ್ರವೊಂದರಿಂದ ಕರೆ ಬಂತು. ಟೆಕ್ಸಾಸ್‌ನ ಡೆಲ್ ರಿಯೋ ಪಟ್ಟಣದ ಎದುರಿಗೆ, ನದಿಯಾಚೆಯ ಎಕ್ಸ್ಇಆರ್‌ಎ. ಆಡಿನ ಗ್ರಂಥಿಗಳನ್ನು ಗಂಡಸರಿಗೆ ಕಸಿಮಾಡಿ ಹಣ ಬಾಚಿದ, 1930ರಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿ ವೈದ್ಯಕೀಯ ಪರವಾನಗಿ ಕಳೆದುಕೊಂಡ ಬ್ರಿಂಕ್ಲಿ ಎಂಬವನು ಅದರ ಒಡೆಯ. ಅಮೆರಿಕದ ನೆಲದಲ್ಲಿ ಐವತ್ತು ಸಾವಿರ ವಾಟ್ ಮೀರುವಂತಿಲ್ಲ ಎಂಬ ನಿಯಮವಿದ್ದಾಗ ಗಡಿಯಾಚೆಯ ಈ ಕೇಂದ್ರ ಐದು ಲಕ್ಷ ವಾಟ್‌ಗಳಲ್ಲಿ ಮೊರೆಯುತ್ತಿತ್ತು. ಟಾನಿಕ್ಕು, ಕೂದಲ ಬಣ್ಣಗಳ ಜಾಹೀರಾತುಗಳ ನಡುವೆ ಆಟೋಹಾರ್ಪಿನ ನಾದ ಖಂಡದ ಉದ್ದಗಲಕ್ಕೆ ಹರಡಿತು. 1939ರ ಫೆಬ್ರವರಿಯ ಒಂದು ರಾತ್ರಿ ಸಾರಾ, ನೀಲಿಕಣ್ಣಿನವನನ್ನು ನೆನೆಯುವ ತನ್ನದೊಂದು ಪ್ರಸಿದ್ಧ ಹಾಡನ್ನು ಕ್ಯಾಲಿಫೋರ್ನಿಯಾದ ಕಾಯ್ ಬೇಸ್‌ಗೆ ಅರ್ಪಿಸುವುದಾಗಿ ಹೇಳಿ ಹಾಡಿದಳು. ಕಾಯ್ ಅಲ್ಲಿ ಕೇಳಿಸಿಕೊಂಡನಂತೆ, ಹೊರಟು ಬಂದನಂತೆ. ಅದೇ ತಿಂಗಳ 20ರಂದು ಟೆಕ್ಸಾಸ್‌ನಲ್ಲಿ ಅವರ ಮದುವೆಯಾಯಿತು. ಮೈಕಿನ ಮುಂದೆ ಕುಳಿತು ಮಾತನಾಡುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಯಾವ ಮೂಲೆಯಲ್ಲಿ ಯಾರು ಕೇಳುತ್ತಿರುತ್ತಾರೋ!

1943ರಲ್ಲಿ ಮೂವರ ಮೇಳ ಚದುರಿತು. ಸಾರಾ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದಳು. ಎ. ಪಿ. ತನ್ನ ಕಣಿವೆಗೆ ಮರಳಿ ಒಂದು ಸಣ್ಣ ಅಂಗಡಿ ತೆರೆದು, 1960ರಲ್ಲಿ ತೀರಿಕೊಂಡ. ಮೇಬೆಲ್ ಮಾತ್ರ ಹೆಣ್ಣುಮಕ್ಕಳಾದ ಹೆಲನ್, ಜೂನ್, ಅನಿತಾರನ್ನು ಕಟ್ಟಿಕೊಂಡು ಹೊಸ ಮೇಳ ನಡೆಸಿದಳು. ಆಟೋಹಾರ್ಪಿನ ಚರಿತ್ರೆಯಲ್ಲಿ ಅವಳದೊಂದು ಸ್ಥಾನವಿದೆ. ಅಲ್ಲಿಯವರೆಗೆ ಅದನ್ನು ಮೇಜಿನ ಮೇಲೋ ತೊಡೆಯ ಮೇಲೋ ಮಲಗಿಸಿ ನುಡಿಸುವುದು ವಾಡಿಕೆ. ಮೇಬೆಲ್ ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿ ನಿಲ್ಲಿಸಿ, ಬರಿಯ ಸ್ವರಗುಚ್ಛಗಳನ್ನಲ್ಲದೆ ರಾಗವನ್ನೂ ಅದರಿಂದ ಹೊರಡಿಸಿದಳು. ಕಿಲ್ಬಿ ಸ್ನೋ ಎಂಬ ಎಡಗೈ ವಾದಕ ಇನ್ನೂ ಮುಂದೆ ಹೋಗಿ, ಪಟ್ಟಿಗಳನ್ನು ಎತ್ತಿ ಒತ್ತುವ ಚಮತ್ಕಾರದಿಂದ ಸ್ವರದಿಂದ ಸ್ವರಕ್ಕೆ ಜಾರುವ ಭ್ರಮೆಯನ್ನು ಹುಟ್ಟಿಸಿದ. ಗಮಕಕ್ಕೆ ಆಸ್ಪದವೇ ಇಲ್ಲವೆಂದು ನಾವು ತೀರ್ಪು ಕೊಡುವ ವಾದ್ಯದಲ್ಲಿ! ಇಂಥ ಗುಡ್ಡಗಾಡಿನ ವಾದಕರನ್ನು ಹುಡುಕಿ ಮುದ್ರಿಸಿ 1962ರಲ್ಲಿ ಆಟೋಹಾರ್ಪಿಗೆಂದೇ ಒಂದು ತಟ್ಟೆಯನ್ನು ಹೊರತಂದವನು ಮೈಕ್ ಸೀಗರ್.

ಎ. ಪಿ. ಮತ್ತು ಸಾರಾರ ಮಗಳು ಜಾನೆಟ್, ಹಾಡು ಉಳಿಸುವೆನೆಂದು ತಂದೆಗೆ ಕೊಟ್ಟ ಮಾತಿನಂತೆ, 1974ರಲ್ಲಿ ಆ ಹಳೆಯ ಅಂಗಡಿಯಲ್ಲೇ ವಾರಕ್ಕೊಮ್ಮೆ ಹಾಡಿನ ಕೂಟ ಆರಂಭಿಸಿದಳು. ಜನ ಹಿಡಿಸದಾದಾಗ 1976ರಲ್ಲಿ ಪಕ್ಕದಲ್ಲೊಂದು ಚಾವಡಿ ಎದ್ದಿತು. ವಿದ್ಯುತ್ ವಾದ್ಯಗಳಿಗೆ ಅಲ್ಲಿ ಎಡೆಯಿಲ್ಲವೆಂದು ನಿಯಮ. ತಾಯಿಯಂತೆ ಅವಳೂ ಆಟೋಹಾರ್ಪ್ ನುಡಿಸುತ್ತಿದ್ದಳು. 2006ರಲ್ಲಿ ಜಾನೆಟ್ ತೀರಿಕೊಂಡ ಮೇಲೆ ಅವಳ ಮಗಳು ಆ ಹೊರೆಯನ್ನು ಹೊತ್ತಳು.

ರಿಡಲ್‌ನ ಮಾತು ಉಳಿಯಿತು. 1942ರಲ್ಲಿ ಅವನು ಉತ್ತರದ ರೋಚೆಸ್ಟರ್ ನಗರಕ್ಕೆ ವಲಸೆ ಹೋದ. ಕೆಲವು ವರ್ಷಗಳಲ್ಲಿ ಗಿಟಾರನ್ನೂ ಮಾರಿಬಿಟ್ಟ. ಇಪ್ಪತ್ತು ವರ್ಷ ಅವನು ಹಾಡುಗಾರನೆಂದು ಅಲ್ಲಿ ಯಾರಿಗೂ ತಿಳಿಯದೆ ಹೋಯಿತು. ಅವನ ಹೆಸರನ್ನು ಮೈಕ್ ಸೀಗರನಿಗೆ ಹೇಳಿದವಳು ಮೇಬೆಲ್, ಅವಳು ಮರೆತಿರಲಿಲ್ಲ. 1965ರಲ್ಲಿ ಸೀಗರ್ ರೋಚೆಸ್ಟರ್‌ಗೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದ. ರಿಡಲ್ ಮತ್ತೆ ಗಿಟಾರು ಹಿಡಿದ. ಮುಂದಿನ ಹದಿಮೂರು ವರ್ಷಗಳಲ್ಲಿ ಆಗಾಗ ಸೀಗರನ ಯಂತ್ರದ ಮುಂದೆ ಕುಳಿತು, ತಾನು ಹೊತ್ತು ತಂದಿದ್ದ ಹಾಡುಗಳನ್ನು ಒಂದೊಂದಾಗಿ ಹಾಡಿದ. ಆ ಮುದ್ರಣಗಳು ತಟ್ಟೆಯಾಗಿ ಹೊರಬಂದದ್ದು 1993ರಲ್ಲಿ, ಅವನು ಕಾಲವಾದ ಎಷ್ಟೋ ವರ್ಷಗಳ ಮೇಲೆ. ಅದನ್ನು ನಾನು ತರಿಸಿಕೊಂಡಿದ್ದೇನೆ. ಕಾರ್ಟರರ ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಹೊದಿಕೆಯ ಮೇಲೆ ಲೆಸ್ಲಿ ರಿಡಲ್ ಎಂದು ದೊಡ್ಡ ಅಕ್ಷರಗಳಲ್ಲಿದೆ.